ನಮ್ಮ ಮಕ್ಕಳ ದಾರಿಯನ್ನೂ ಅಳೆಯಿರಿ: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ ಮಲೆನಾಡಿನ ತಾಯಿಯೊಬ್ಬಳ ಬಹಿರಂಗ ಪತ್ರ

ಗೆ,
ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಮಲೆನಾಡಿನ ಚದುರಿದ ಊರುಗಳಲ್ಲಿ ಆರು ವರ್ಷದೊಳಗಿನ ಮಕ್ಕಳ ಪಾಲನೆಗೆ ಸಿಗುತ್ತಿರುವ ನೆರವಿನ ಕುರಿತು.

ಮಾನ್ಯರೇ,

ನಾನು ಹೊಸನಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿಗೆ ಹತ್ತಿರವಿರುವ ಒಂದು ಹಳ್ಳಿಯವಳು. ನಾಲ್ಕು ವರ್ಷದ ಮಗಳು, ಹನ್ನೊಂದು ತಿಂಗಳ ಮಗ ಇದ್ದಾರೆ. ನಮಗೆ ಒಂದೂವರೆ ಎಕರೆ ಅಡಿಕೆ ತೋಟವಿದೆ. ಅದು ಸಾಕಾಗದ ವರ್ಷಗಳಲ್ಲಿ ನಾನೂ ನನ್ನ ಯಜಮಾನರೂ ಬೇರೆಯವರ ತೋಟದ ಕೆಲಸಕ್ಕೂ ಹೋಗುತ್ತೇವೆ. ತಮ್ಮ ಇಲಾಖೆಯ ಮೇಲೆ ದೂರು ಹೊರಿಸಲೆಂದೇ ಈ ಪತ್ರ ಬರೆಯುತ್ತಿಲ್ಲ. ನಮ್ಮ ಅಂಗನವಾಡಿ ಕೇಂದ್ರದ ಕಾರ್ಯಕರ್ತೆಯಿಂದ ನನ್ನ ಮಗಳಿಗೆ ಸಿಕ್ಕ ಆರೈಕೆಯನ್ನು ನಾನು ಮರೆಯಲಾರೆ. ಆದರೆ ಆ ಆರೈಕೆ ನಮ್ಮ ಮಕ್ಕಳಿಗೆ ತಲುಪಬೇಕಾದ ದಾರಿಯನ್ನು ಸರ್ಕಾರ ಒಮ್ಮೆಯೂ ಅಳೆದಿಲ್ಲ ಎಂಬುದು ನನ್ನ ಅಹವಾಲು.

ಈ ಮಾತು ಮನಸ್ಸಿನಲ್ಲಿ ಗಟ್ಟಿಯಾದದ್ದು ಕಳೆದ ದೀಪಾವಳಿಗೆ ನಾವು ಅಕ್ಕತಂಗಿಯರು ಮೂವರೂ ತವರಿನಲ್ಲಿ ಸೇರಿದಾಗ. ಅಕ್ಕನನ್ನು ಕೊಟ್ಟಿರುವುದು ದಾವಣಗೆರೆ ಜಿಲ್ಲೆಯ ಹೊನ್ನಾಳಿ ಕಡೆಗೆ. ಅಲ್ಲಿ ಊರು ಎಂದರೆ ಗೋಡೆಗೆ ಗೋಡೆ ತಾಗಿಕೊಂಡ ಮನೆಗಳ ಸಾಲು. ಅಂಗನವಾಡಿ ಅವರ ಬೀದಿಯ ತುದಿಯಲ್ಲಿದೆ. ನಾಟಿ ಮುಗಿಸಿ ಬರುವುದು ತಡವಾದರೆ ಎದುರು ಮನೆಯವರು ತಮ್ಮ ಮೊಮ್ಮಗುವಿನ ಜೊತೆಗೆ ಅಕ್ಕನ ಮಗನನ್ನೂ ಕರೆತಂದು ಜಗುಲಿಯ ಮೇಲೆ ಕೂರಿಸಿಕೊಳ್ಳುತ್ತಾರೆ. ತಂಗಿ ಬೆಂಗಳೂರಿನ ದೊಡ್ಡ ಕಂಪನಿಯೊಂದರಲ್ಲಿದ್ದಾಳೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಅವಳಿಗೆ 26 ವಾರಗಳ ಸಂಬಳಸಹಿತ ರಜೆ ಸಿಕ್ಕಿತು; 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂಬ ನಿಯಮವಿರುವುದರಿಂದ ಮಗುವನ್ನು ಕಚೇರಿಯ ಕಟ್ಟಡದಲ್ಲೇ ಬಿಡುತ್ತಾಳೆ. ಅವಳದೇನೂ ಸುಖದ ಬದುಕಲ್ಲ. ದಿನಕ್ಕೆ ಮೂರು ಗಂಟೆ ಟ್ರಾಫಿಕ್ಕಿನಲ್ಲಿ ಕಳೆಯುತ್ತಾಳೆ, ಹೊರಗಿನ ಮಾತು ಕೇಳದೆ ಮಗು ಎರಡು ವರ್ಷವಾದರೂ ಸರಿಯಾಗಿ ಮಾತಾಡುತ್ತಿಲ್ಲವೆಂದು ಅಳುತ್ತಾಳೆ. ಅವಳ ಮನೆಗೆಲಸದಾಕೆ ತನ್ನ ಮಗುವನ್ನು ಎಲ್ಲಿ ಬಿಟ್ಟು ಬರುತ್ತಾಳೆ ಎಂದು ನಾನು ಕೇಳಿದ್ದಕ್ಕೆ ತಂಗಿಯ ಬಳಿ ಉತ್ತರವಿರಲಿಲ್ಲ. ಆದರೂ ಮೂವರ ಮಕ್ಕಳನ್ನು ಒಂದೇ ಚಾಪೆಯ ಮೇಲೆ ಮಲಗಿಸಿಕೊಂಡು ಮಾತಾಡುತ್ತಿದ್ದಾಗ, ಒಂದೇ ರಾಜ್ಯದಲ್ಲಿ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ನಮ್ಮ ನಡುವೆ, ಮಗುವನ್ನು ಸಾಕುವಾಗ ಸಿಗುವ ಆಸರೆಯಲ್ಲಿ ಇಷ್ಟೊಂದು ಅಂತರ ಹೇಗೆ ಬಂತು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ನನ್ನ ಮನೆಯಿಂದ ಅಂಗನವಾಡಿಗೆ ಎರಡು ದಾರಿಗಳಿವೆ. ಗುಡ್ಡ ಇಳಿದು, ಹಳ್ಳ ದಾಟಿ, ಹಾಡಿಯೊಳಗಿನ ಕಾಲುದಾರಿಯಲ್ಲಿ ಹೋದರೆ ಎರಡೂವರೆ ಕಿಲೋಮೀಟರ್. ಟಾರು ರಸ್ತೆ ಹಿಡಿದರೆ ನಾಲ್ಕು. ಹಳ್ಳಕ್ಕೆ ಊರವರೇ ಹಾಕಿಕೊಂಡ ಕಾಲುಸಂಕವಿದೆ. ನಾಲ್ಕು ಅಡಿಕೆ ಮರದ ದಬ್ಬೆ, ಹಿಡಿದುಕೊಳ್ಳಲು ಒಂದು ಬದಿಗೆ ಕಟ್ಟಿದ ಬಿದಿರು, ಇಷ್ಟೇ. ಆರಿದ್ರಾ ಮಳೆ ಹಿಡಿಯುವವರೆಗೆ ಅದರ ಮೇಲೆ ಮಗಳನ್ನು ನಡೆಸುತ್ತೇನೆ, ಹಿಡಿದ ಮೇಲೆ ನಡೆಸುವುದಿಲ್ಲ. ಪಾಚಿಗಟ್ಟಿದ ದಬ್ಬೆಯ ಮೇಲೆ, ಸೊಂಟದಲ್ಲಿ ಕೂಸನ್ನು ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಮಗಳನ್ನು ಹಿಡಿದುಕೊಂಡು ನಿಂತಾಗ ಕೊಡೆ ಹಿಡಿಯಲು ನನಗೆ ಮೂರನೆಯ ಕೈಯಿಲ್ಲ. ಹಾಗಾಗಿ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅವಳು ಕೇಂದ್ರಕ್ಕೆ ಹೋದ ದಿನಗಳು ಬೆರಳೆಣಿಕೆಯಷ್ಟು. ಹಾಜರಿ ಪುಸ್ತಕದಲ್ಲಿ ಇದು ತಾಯಿಯ ನಿರಾಸಕ್ತಿ ಎಂದು ಕಾಣುತ್ತಿರಬಹುದು.

ನಮ್ಮಲ್ಲಿ ಊರು ಎಂದರೆ ಏನು ಎಂಬುದನ್ನು ಬಯಲುಸೀಮೆಯ ಅಧಿಕಾರಿಗಳಿಗೆ ತಿಳಿಸುವುದು ಕಷ್ಟ. ಇಲ್ಲಿ ಎರಡು ಮನೆ, ಗುಡ್ಡದ ಆಚೆ ಒಂಟಿ ಮನೆ, ತೋಟದ ತಲೆಗೆ ಮೂರು ಮನೆ, ಹೀಗೆ ಹನ್ನೆರಡು ಮನೆಗಳು ಮೂರು ಗುಡ್ಡಗಳ ಮೇಲೆ ಹರಡಿಕೊಂಡಿದ್ದರೂ ಕಂದಾಯದ ಕಾಗದದಲ್ಲಿ ಅದು ಒಂದೇ ಗ್ರಾಮ. 1975ರ ಅಕ್ಟೋಬರ್ 2ರಂದು, ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದಕ್ಕೆ ಆರಿಸಿಕೊಂಡದ್ದು ತಿರುಮಕೂಡಲು ನರಸೀಪುರವನ್ನು, ಅಂದರೆ ಕಾವೇರಿ ಬಯಲನ್ನು. ಯೋಜನೆ ಬೆಟ್ಟ ಹತ್ತಿ ಬಂದಾಗಲೂ ಅದರ ಅಳತೆಗೋಲು ಬಯಲಿನದೇ ಆಗಿತ್ತು. 400ರಿಂದ 800 ಜನಸಂಖ್ಯೆಗೆ ಒಂದು ಅಂಗನವಾಡಿ ಎಂಬುದು ಸಾಮಾನ್ಯ ಮಾನದಂಡ. ಬುಡಕಟ್ಟು ಮತ್ತು ಗುಡ್ಡಗಾಡು ಪ್ರದೇಶಗಳಿಗೆ ಇದನ್ನು 300ಕ್ಕೆ ಇಳಿಸಿ, 150ರಿಂದ 300 ಜನರಿರುವ ಕಡೆ ಮಿನಿ ಅಂಗನವಾಡಿಗೆ ಅವಕಾಶ ಕೊಟ್ಟಿದ್ದಾರೆ. ಈ ಸಡಿಲಿಕೆಯೂ ತಲೆ ಎಣಿಕೆಯದೇ ಹೊರತು ದೂರದ್ದಲ್ಲ. ನಮ್ಮ ಮೂರು ಗುಡ್ಡಗಳನ್ನು ಕೂಡಿಸಿದರೂ 150 ಜನ ಆಗುವುದಿಲ್ಲ. ಆಗುವಷ್ಟು ಗುಡ್ಡಗಳನ್ನು ಕೂಡಿಸಿಕೊಂಡು ಹೋದರೆ ಕೇಂದ್ರ ಎಲ್ಲರಿಗೂ ಸಮಾನವಾಗಿ ದೂರವಾಗುತ್ತದೆ.

2006ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ದೊಡ್ಡ ಆದೇಶ ಕೊಟ್ಟಿತು. ದೇಶದಲ್ಲಿ 14 ಲಕ್ಷ ಅಂಗನವಾಡಿಗಳಿರಬೇಕು, ಆರು ವರ್ಷದೊಳಗಿನ 40 ಮಕ್ಕಳಿರುವ ಯಾವುದೇ ಜನವಸತಿಯವರು ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ತೆರೆಯಬೇಕು ಎಂದಿತು. ಬಡವರ ಕೇರಿಗಳಿಗೆ, ಕೊಳೆಗೇರಿಗಳಿಗೆ ಇದು ದೊರೆತ ದೊಡ್ಡ ಹಕ್ಕು. ಆದರೆ ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಭಾಗಗಳ ಜನವಸತಿಯೊಂದರಲ್ಲಿ 40 ಪುಟ್ಟ ಮಕ್ಕಳನ್ನು ಹುಡುಕುವವರಿಗೆ ಜಾತ್ರೆಯ ದಿನವಲ್ಲದೆ ಬೇರೆ ದಿನ ಸಿಗಲಾರರು. ನಮ್ಮ ಯುವಕರು ಬೆಂಗಳೂರಿಗೆ ಹೋಗುತ್ತಾರೆ, ಮಕ್ಕಳ ಸಂಖ್ಯೆ ಇಳಿಯುತ್ತದೆ. ಸಂಖ್ಯೆ ಇಳಿದರೆ ಕೇಂದ್ರದ ಮೇಲೆ ಕಣ್ಣು ಬೀಳುತ್ತದೆ, ಕೇಂದ್ರ ದೂರವಾದರೆ ಉಳಿದ ಮನೆಯವರೂ ಪೇಟೆಯಲ್ಲಿ ಬಾಡಿಗೆ ಮನೆ ಹಿಡಿಯುತ್ತಾರೆ.

ಶಾಲೆಯ ಮಟ್ಟಿಗೆ ಇದೇ ಸರ್ಕಾರಗಳು ಬೇರೆ ರೀತಿಯಲ್ಲಿ ಯೋಚಿಸಿವೆ. ಶಿಕ್ಷಣ ಹಕ್ಕು ಕಾಯ್ದೆಗೆ ಕೇಂದ್ರ ಸರ್ಕಾರ 2010ರಲ್ಲಿ ಕೊಟ್ಟ ಮಾದರಿ ನಿಯಮಗಳಲ್ಲಿ, ಒಂದರಿಂದ ಐದನೆಯ ತರಗತಿಯ ಮಗುವಿಗೆ ಒಂದು ಕಿಲೋಮೀಟರ್ ನಡಿಗೆಯೊಳಗೆ ಶಾಲೆ ಇರಬೇಕೆಂದಿದೆ. ಭೂಕುಸಿತ, ಪ್ರವಾಹ, ರಸ್ತೆಯಿಲ್ಲದಿರುವುದು ಮೊದಲಾದ ತೊಡಕುಗಳಿರುವ ಕಡೆ ಆ ಮಿತಿಯನ್ನೂ ಕಡಿಮೆ ಮಾಡಿ, ಮಗುವಿನ ದಾರಿಯ ಅಪಾಯ ತಪ್ಪುವಂತೆ ಶಾಲೆಯ ಸ್ಥಳ ಗೊತ್ತುಮಾಡಬೇಕೆಂದೂ ಇದೆ. ಆರು ವರ್ಷದ ಮಗು ಒಂದು ಕಿಲೋಮೀಟರಿಗಿಂತ ಹೆಚ್ಚು ನಡೆಯಬಾರದು ಎಂದಾದರೆ ಮೂರು ವರ್ಷದ ಮಗು ಎರಡೂವರೆ ಕಿಲೋಮೀಟರ್ ನಡೆಯಬಹುದೇ, ಸ್ವಾಮಿ? ಈ ಒಂದು ಪ್ರಶ್ನೆಗೆ ತಮ್ಮ ಇಲಾಖೆಯ ಉತ್ತರವನ್ನು ನಾನು ನಿಜಕ್ಕೂ ಕೇಳಬಯಸುತ್ತೇನೆ.

ಇನ್ನು ಆಹಾರದ ಮಾತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮೂರರಿಂದ ಆರು ವರ್ಷದ ಮಗುವಿಗೆ ಅಂಗನವಾಡಿಯಲ್ಲಿ ಪೌಷ್ಟಿಕವಾದ ಬಿಸಿಯೂಟ ಸಿಗಬೇಕು. ವರ್ಷಕ್ಕೆ 300 ದಿನ ಪೂರಕ ಆಹಾರ ಎಂಬುದು ಯೋಜನೆಯ ಲೆಕ್ಕ. ನಮ್ಮ ಜಿಲ್ಲೆಯಲ್ಲಿ ಜುಲೈ, ಆಗಸ್ಟಿನಲ್ಲಿ ಮಳೆ ಜೋರಾದಾಗ ಜಿಲ್ಲಾಡಳಿತ ಶಾಲೆಗಳಿಗೂ ಅಂಗನವಾಡಿಗಳಿಗೂ ರಜೆ ಘೋಷಿಸುತ್ತದೆ. ಅದು ಸರಿಯಾದ ನಿರ್ಧಾರ, ರಜೆ ಕೊಡದಿದ್ದರೆ ನಾನೇ ದೂರುತ್ತಿದ್ದೆ. ಆದರೆ ರಜೆ ಘೋಷಿಸಿದ ದಿನ ಮಗುವಿನ ಊಟ, ಮೊಟ್ಟೆ, ಹಾಲು ಎಲ್ಲಿಗೆ ಹೋಗುತ್ತವೆ? ಮಳೆಗೆ ಶಾಲೆ ಮುಚ್ಚುತ್ತದೆ, ಹೊಟ್ಟೆ ಮುಚ್ಚುವುದಿಲ್ಲ. ಗದ್ದೆ ನಾಟಿಯ ಕೂಲಿಗೆ ಹೋದ ತಾಯಂದಿರ ಮಕ್ಕಳು ಮನೆಯಲ್ಲಿ ಬೆಳಗಿನ ತಣ್ಣನೆಯ ಗಂಜಿಯ ಮೇಲೆ ಸಂಜೆಯವರೆಗೆ ಇರುವುದನ್ನು ನಾನು ಕಂಡಿದ್ದೇನೆ. ಕೊಡಬೇಕಾದ ಆಹಾರವನ್ನು ಕೊಡದಿದ್ದರೆ ಅದರ ಬದಲಿಗೆ ಭತ್ಯೆ ಕೊಡಬೇಕು ಎಂದು ಅದೇ ಕಾಯ್ದೆಯ 8ನೆಯ ಸೆಕ್ಷನ್ ಹೇಳುತ್ತದೆ. ನಮಗೆ ಹಣ ಬೇಡ. ಮಳೆ ಹಿಡಿಯುವ ಮೊದಲೇ ಆ ದಿನಗಳ ಆಹಾರ ಪದಾರ್ಥವನ್ನು ಮನೆಗೆ ತಲುಪಿಸಿದರೆ ಸಾಕು.

ಮನೆಗೆ ಕೊಡುವ ಆಹಾರದ ವಿಷಯದಲ್ಲೂ ಒಂದು ದೃಶ್ಯವನ್ನು ತಮ್ಮ ಮುಂದಿಡಬೇಕು. ಚಿಕ್ಕ ಮಕ್ಕಳಿಗೆ, ಬಾಣಂತಿಯರಿಗೆ ಕೊಡುವ ಪೊಟ್ಟಣಕ್ಕೆ 2025ರ ಜುಲೈನಿಂದ, ಅಂಗನವಾಡಿಯ ಲೆಕ್ಕ ಇಡುವ ಕೇಂದ್ರ ಸರ್ಕಾರದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖ ಗುರುತಿಸುವುದು ಕಡ್ಡಾಯವಾಗಿದೆ. ನಮ್ಮ ಕೇಂದ್ರದ ಒಳಗೆ ನೆಟ್‌ವರ್ಕ್ ಇಲ್ಲ. ಹಿಂದಿನ ದಿಬ್ಬದ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ ಗಾಳಿ ಬೀಸಿದರೆ ಎರಡು ಕಡ್ಡಿ ಸಿಗುತ್ತದೆ. ಒಂದು ಪುಷ್ಯ ಮಳೆಯ ದಿನ ನಾವು ಆರು ಮಂದಿ ತಾಯಂದಿರು, ಕಂಬಳಿಕೊಪ್ಪೆಯೊಳಗೆ ಕೂಸುಗಳನ್ನು ಇಟ್ಟುಕೊಂಡು ಆ ದಿಬ್ಬ ಹತ್ತಿ ಸಾಲಾಗಿ ನಿಂತೆವು. ಕಾರ್ಯಕರ್ತೆ ಫೋನನ್ನು ಸೆರಗಿನಲ್ಲಿ ಒರೆಸಿ ಒಬ್ಬೊಬ್ಬರ ಮುಖದ ಮುಂದೆ ಹಿಡಿದು, “ಕೊಪ್ಪೆ ಸರಿಸಿ, ಕಣ್ಣು ಮಿಟುಕಿಸಿ, ಇನ್ನೊಮ್ಮೆ ಮಿಟುಕಿಸಿ ಅಕ್ಕಾ” ಎನ್ನುತ್ತಿದ್ದರು. ಕೊಪ್ಪೆ ಸರಿಸಿದರೆ ಮಳೆನೀರು ಕಣ್ಣಿಗೆ ಇಳಿದು, ಬೇಡವೆಂದರೂ ಕಣ್ಣು ಮಿಟುಕುತ್ತಿತ್ತು. ಆದರೂ ಮೂವರ ಮುಖ ಹೊಂದಲಿಲ್ಲ. ಹೆರಿಗೆಗೆ ಮೊದಲು ತೆಗೆದ ಆಧಾರ್ ಚಿತ್ರಕ್ಕೂ ಬಾಣಂತನದಲ್ಲಿ ಇಳಿದುಹೋದ ಮುಖಕ್ಕೂ ತಾಳೆಯಾಗಲಿಲ್ಲವೋ ಏನೋ. ಒಬ್ಬಾಕೆ ಆ ದಿನ ಬರಿಗೈಯಲ್ಲಿ ನಾಲ್ಕು ಕಿಲೋಮೀಟರ್ ಹಿಂದಿರುಗಿದರು, ಕಾಲಿಗೆ ಹತ್ತಿದ ಉಂಬಳಗಳೊಂದಿಗೆ (ರಕ್ತ ಹೀರುವ ಜಿಗಣೆಗಳು). ಕಳ್ಳತನ ತಡೆಯಲು ಈ ವ್ಯವಸ್ಥೆ ಎಂದು ಕೇಳಿದ್ದೇನೆ. ಕಾರ್ಯಕರ್ತೆಗೆ ಪ್ರತಿ ಮನೆಯ ಮುದುಕರ ಹೆಸರೂ ಗೊತ್ತಿರುವ ಊರಿನಲ್ಲಿ ನನ್ನ ಮುಖಕ್ಕೆ ಸಾಕ್ಷಿ ಹೇಳಲು ಅವರಿಗಿಂತ ದೊಡ್ಡ ಯಂತ್ರ ಯಾವುದಿದೆಯೋ ನನಗೆ ತಿಳಿಯದು.

ಈಗ ನಾನು ಹೇಳಲಿರುವುದು ಯಾವ ಇಲಾಖೆಯ ಕಡತದಲ್ಲೂ ಇರಲಾರದು. ನಮ್ಮ ಸೀಮೆಯಲ್ಲಿ ಹೆಂಗಸರ ಕೆಲಸದ ಹೊತ್ತು ಅಂಗನವಾಡಿಯ ಹೊತ್ತಿಗೆ ಹೊಂದುವುದಿಲ್ಲ. ಕೊನೆಕೊಯ್ಲು, ಎಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಶುರುವಾದ ಮೇಲೆ, ಅಂದರೆ ದೀಪಾವಳಿಯಿಂದ ಸಂಕ್ರಾಂತಿ ದಾಟುವವರೆಗೆ, ಹಗಲು ಕೊಯ್ದ ಹಸಿ ಅಡಿಕೆಯನ್ನು ರಾತ್ರಿ ಸುಲಿಯಬೇಕು. ತಡವಾದರೆ ಮಾಲು ಕೆಡುತ್ತದೆ. ಸಂಜೆ ಮನೆಯ ಅಡುಗೆ ಮುಗಿಸಿ ಆರೂವರೆಗೆ ಅಂಗಳದ ಚಪ್ಪರದಲ್ಲಿ ಕುಳಿತರೆ ಏಳುವುದು ಹತ್ತೂವರೆ, ಹನ್ನೊಂದಕ್ಕೆ. ಕೂಲಿ ಸುಲಿದ ಡಬ್ಬದ ಲೆಕ್ಕದಲ್ಲಿ ಸಿಗುವುದರಿಂದ ಕೈ ನಿಲ್ಲಿಸುವಂತಿಲ್ಲ. ಮಕ್ಕಳೂ ಅಲ್ಲೇ, ಸಿಪ್ಪೆಯ ರಾಶಿಯ ಪಕ್ಕದಲ್ಲಿ ಹಾಸಿದ ಗೋಣಿಯ ಮೇಲೆ. ನನ್ನ ಮಗಳು ಒಂದೂವರೆ ವರ್ಷದವಳಿದ್ದಾಗ ನಿದ್ದೆಯಿಂದ ಎದ್ದು, ನಾನು ತಿರುಗಿ ನೋಡುವಷ್ಟರಲ್ಲಿ ಪಕ್ಕದವರು ಅಡಿಕೆ ಸುಲಿಯುತ್ತಿದ್ದ ಮೆಟ್ಟುಗತ್ತಿಯ ಅಲಗಿಗೆ ಕೈ ಹಾಕಿದ್ದಳು. ಬಲಗೈಯ ಎರಡು ಬೆರಳು ಸೀಳಿತು. ಆ ಹೊತ್ತಿನಲ್ಲಿ ಬಸ್ಸಿಲ್ಲ. ತೋಟದ ಮನೆಯವರು ತಮ್ಮ ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಗಾಯ ಮಾಯಿತು, ಕಿರುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಆ ರಾತ್ರಿ ಚಪ್ಪರದಲ್ಲಿ ನಾವು ಹತ್ತು ಹೆಂಗಸರಿದ್ದೆವು, ಏಳು ಮಕ್ಕಳಿದ್ದವು. ಏಳು ಮಕ್ಕಳನ್ನು ನೋಡಿಕೊಳ್ಳಲು ನಮ್ಮಲ್ಲಿ ಒಬ್ಬರು ಸಾಕಿತ್ತು. ಆದರೆ ಆ ಒಬ್ಬರಿಗೆ ಕೂಲಿ ಕೊಡುವವರು ಯಾರು?

ಈ ಪ್ರಶ್ನೆಗೆ ಬೇರೆ ಕೆಲಸಗಳಲ್ಲಿ ಉತ್ತರ ಸಿಕ್ಕಿದೆ. ಪಕ್ಕದ ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಅನ್ವಯವಾಗುವಂತೆ 1951ರಲ್ಲಿ ಬಂದ ತೋಟ ಕಾರ್ಮಿಕರ ಕಾಯ್ದೆಯಲ್ಲೇ, 50 ಹೆಂಗಸರು ದುಡಿಯುವ ಕಡೆ ಕೂಸುಗಳಿಗೆ ಕೊಠಡಿಯೂ ನೋಡಿಕೊಳ್ಳುವವರೂ ಇರಬೇಕೆಂದು ಬರೆದಿದ್ದರು. ಕಾಫಿ, ಟೀ, ರಬ್ಬರ್, ಏಲಕ್ಕಿ ಆ ಕಾಯ್ದೆಯ ಪಟ್ಟಿಯಲ್ಲಿದ್ದವು, ನಮ್ಮ ಅಡಿಕೆ ಇರಲಿಲ್ಲ. ಉದ್ಯೋಗ ಖಾತ್ರಿ ಕಾಯ್ದೆಯಲ್ಲೂ, ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಅವಳಿಗೂ ಅದೇ ಕೂಲಿ ಕೊಡಬೇಕೆಂದಿತ್ತು. 2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರ ತೆರೆಯುವುದಾಗಿ ಘೋಷಿಸಿದಾಗ ಅದರ ಹೆಸರು ಕೇಳಿಯೇ ನಮಗೆ ಸಂತೋಷವಾಯಿತು. ಮಗುವನ್ನು ಕೂಸು ಎಂದು ಕರೆಯುವವರು ನಾವು. ಆದರೆ ಅದು ಪಂಚಾಯಿತಿ ಕೇಂದ್ರದಲ್ಲಿ, ಹಗಲಿನಲ್ಲಿ ನಡೆಯುವ ಏರ್ಪಾಡು. ನಮ್ಮ ಪಂಚಾಯಿತಿ ಕಚೇರಿ ಮನೆಯಿಂದ ಒಂಬತ್ತು ಕಿಲೋಮೀಟರ್ ದೂರ, ನಮಗೆ ಆಸರೆ ಬೇಕಾಗುವುದು ರಾತ್ರಿ ಹತ್ತು ಗಂಟೆಗೆ.

ಇಷ್ಟು ಹೇಳಿದ ಮಾತ್ರಕ್ಕೆ ನಮ್ಮ ಭಾಗದ ಎಲ್ಲ ಹೆತ್ತವರೂ ನನ್ನಂತೆಯೇ ಯೋಚಿಸುತ್ತಾರೆ ಎಂದು ತಾವು ಭಾವಿಸಬಾರದು. ಅಂಗನವಾಡಿಯೇ ಬೇಡ, ಅಜ್ಜಿಯ ಮಡಿಲಲ್ಲಿ ಬೆಳೆದ ಮಗು ಚೆನ್ನಾಗಿರುತ್ತದೆ ಎನ್ನುವವರಿದ್ದಾರೆ. ನನ್ನ ಅತ್ತೆಯವರದೂ ಅದೇ ಅಭಿಪ್ರಾಯ, ಆದರೆ ಅವರಿಗೆ ಮಂಡಿ ನೋವು, ಅಂಬೆಗಾಲಿಡುವ ಮೊಮ್ಮಗನ ಹಿಂದೆ ಓಡಲಾರರು. ಸ್ಥಿತಿವಂತರು ಬೆಳಿಗ್ಗೆ ಏಳೂವರೆಗೆ ಬರುವ ವ್ಯಾನಿನಲ್ಲಿ ಮೂರು ವರ್ಷದ ಮಕ್ಕಳನ್ನು ಪೇಟೆಯ ಇಂಗ್ಲಿಷ್ ನರ್ಸರಿಗೆ ಕಳುಹಿಸುತ್ತಾರೆ. ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಮಕ್ಕಳು ಅರೆಜೀವವಾಗಿ ಇಳಿಯುತ್ತಾರೆ. ಇನ್ನು ಕೆಲವರಂತೂ ತಾಯಿಮಕ್ಕಳನ್ನು ಸಾಗರದಲ್ಲೋ ಶಿವಮೊಗ್ಗದಲ್ಲೋ ಬಾಡಿಗೆ ಮನೆಯಲ್ಲಿರಿಸಿ ತಾವೊಬ್ಬರೇ ತೋಟದ ಮನೆಯಲ್ಲಿ ಬೇಯಿಸಿಕೊಂಡು ತಿನ್ನುತ್ತಾರೆ. ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಯಿತಲ್ಲ, ಮಗುವನ್ನು ಕರೆದುಕೊಂಡು ಓಡಾಡಲು ಏನು ಕಷ್ಟ ಎಂದು ಅಕ್ಕ ಕೇಳಿದಳು. ಶಕ್ತಿ ಯೋಜನೆ ಇರುವುದು ಸರ್ಕಾರಿ ಬಸ್ಸುಗಳಿಗೆ. ನಮ್ಮ ಒಳರಸ್ತೆಗಳಲ್ಲಿ ಓಡುವುದು ಖಾಸಗಿ ಬಸ್ಸು.

ಕಲ್ಯಾಣ ಕರ್ನಾಟಕದ ತಾಯಂದಿರ ಕಷ್ಟ ನಮ್ಮದಕ್ಕಿಂತ ದೊಡ್ಡದು ಎಂದು ನನಗೆ ತಿಳಿದಿದೆ. ಅಲ್ಲಿಯ ಅನ್ನದಲ್ಲಿ ಒಂದು ಅಗುಳನ್ನೂ ನಾವು ಕೇಳುತ್ತಿಲ್ಲ.

ನಾನು ಕೇಳುವುದು ಹೀಗಿದೆ. ಮೊದಲನೆಯದಾಗಿ, ಮಲೆನಾಡಿನ ತಾಲ್ಲೂಕುಗಳಲ್ಲಿ ಅಂಗನವಾಡಿ ಎಲ್ಲಿರಬೇಕು ಎಂಬುದನ್ನು ಜನಸಂಖ್ಯೆಯೊಂದರಿಂದಲೇ ನಿರ್ಧರಿಸದೆ, ಮಳೆಗಾಲದಲ್ಲಿ ಮೂರು ವರ್ಷದ ಮಗು ನಡೆಯಬಲ್ಲ ದೂರವನ್ನೂ ಮಾನದಂಡವಾಗಿ ಸೇರಿಸಬೇಕು. ಶಾಲೆಗೆ ಹೇಳಿದ ಒಂದು ಕಿಲೋಮೀಟರನ್ನೇ ಇದಕ್ಕೂ ಇಟ್ಟುಕೊಂಡರೆ ನಾವು ವಾದಿಸುವುದಿಲ್ಲ. ಹತ್ತು ಮಕ್ಕಳಿಗೆ ಪೂರ್ಣ ಕೇಂದ್ರ ತೆರೆಯುವುದು ದುಬಾರಿ ಎಂದಾದರೆ, ಮನೆಯೊಂದರ ಜಗುಲಿಯಲ್ಲಿ ಐದಾರು ಮಕ್ಕಳನ್ನು ನೋಡಿಕೊಳ್ಳುವ, ಕಾರ್ಯಕರ್ತೆ ವಾರಕ್ಕೆರಡು ದಿನ ಬಂದುಹೋಗುವ ಉಪಕೇಂದ್ರದ ವ್ಯವಸ್ಥೆಯನ್ನಾದರೂ ಒಂದು ಹೋಬಳಿಯಲ್ಲಿ ಪ್ರಯೋಗಿಸಿ ನೋಡಬೇಕು. ಜಾಗ ಅರಣ್ಯದ್ದು, ಕಟ್ಟಡ ಕಟ್ಟುವಂತಿಲ್ಲ ಎಂಬ ಉತ್ತರವನ್ನು ನಾವು ಹಲವು ಬಾರಿ ಕೇಳಿದ್ದೇವೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೆಯ ಸೆಕ್ಷನ್ ಅಂಗನವಾಡಿಯ ಹೆಸರನ್ನೇ ಹೇಳಿ, ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯನ್ನು ಗ್ರಾಮಸಭೆಯ ಶಿಫಾರಸಿನ ಮೇಲೆ ಬಿಟ್ಟುಕೊಡಲು ಅವಕಾಶ ಕೊಟ್ಟಿದೆ. ನಮಗೆ ಬೇಕಿರುವುದು ನಾಲ್ಕು ಗುಂಟೆ.

ಕೊನೆಕೊಯ್ಲಿನ ಮೂರು ತಿಂಗಳು ಸಂಜೆ ಆರರಿಂದ ಹನ್ನೊಂದರವರೆಗೆ ನಡೆಯುವ ಕೂಸಿನ ಮನೆಯನ್ನು ಗ್ರಾಮೀಣಾಭಿವೃದ್ಧಿ ಇಲಾಖೆಯೊಂದಿಗೆ ಮಾತಾಡಿ ತಾವು ತರಬೇಕು ಎಂಬುದು ನನ್ನ ಇನ್ನೊಂದು ಬೇಡಿಕೆ, ಮನಸ್ಸಿಗೆ ಹೆಚ್ಚು ಹತ್ತಿರವಾದದ್ದೂ ಇದೇ. ಅದಕ್ಕೆ ಕಟ್ಟಡ ಬೇಡ. ಸುಲಿಯುವ ಚಪ್ಪರದಿಂದ ಕೂಗಳತೆಯಲ್ಲಿ ಒಂದು ಕೋಣೆ, ಒಂದು ದೀಪ, ಎರಡು ಜೋಲಿ, ತರಬೇತಿಯಾದ ಇಬ್ಬರು ಹೆಂಗಸರು, ಅವರ ಕೂಲಿ. ಅರ್ಧ ಕೂಲಿಯನ್ನು ತೋಟದವರು ಕೊಡಲು ಒಪ್ಪುತ್ತಾರೆಂದು ನಾನು ನಂಬುತ್ತೇನೆ. ಇಬ್ಬರೊಂದಿಗೆ ಮಾತಾಡಿಯೂ ಇದ್ದೇನೆ. ಇದರ ಜೊತೆಗೆ, ನೆಟ್‌ವರ್ಕ್ ಇಲ್ಲದ ಕೇಂದ್ರಗಳಲ್ಲಿ ಮುಖ ಗುರುತು ಹೊಂದದಿದ್ದರೂ ಕಾರ್ಯಕರ್ತೆಯ ಸಹಿಯ ಮೇಲೆ ಆಹಾರ ಕೊಡುವಂತೆ ರಾಜ್ಯವು ಕೇಂದ್ರ ಸರ್ಕಾರವನ್ನು ಒತ್ತಾಯಿಸಬೇಕು, ಮತ್ತು ಶಿವಮೊಗ್ಗದಲ್ಲೇ ಕಚೇರಿಯಿರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯ ಕಾಲುಸಂಕ ಕಾಮಗಾರಿಗಳನ್ನು ಗೊತ್ತುಮಾಡುವಾಗ ಅಂಗನವಾಡಿಯ ದಾರಿಗಳನ್ನು ಮೊದಲು ಸೇರಿಸುವಂತೆ ತಾವು ಒಂದು ಪತ್ರ ಬರೆಯಬೇಕು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಹಿನ್ನೀರಿಗೆ ಸಿಗಂದೂರು ಸೇತುವೆಯಾದದ್ದು 2025ರ ಜುಲೈನಲ್ಲಿ. ನಮ್ಮ ಹಳ್ಳದ ಅಗಲ ಹದಿನೆಂಟು ಅಡಿ ಮಾತ್ರ.

ಈ ಬೇಡಿಕೆಗಳಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ತಿಳಿಸಿ ತಾವು ಒಂದು ಉತ್ತರ ಬರೆದರೂ ನಾವು ಕೃತಜ್ಞರು. ಉತ್ತರವನ್ನು ದಯವಿಟ್ಟು ಅಂಚೆಯಲ್ಲಿ ಕಳುಹಿಸಿ. ಮೊಬೈಲ್ ಸಂದೇಶ ನೋಡಲು ನಾನು ದಿಬ್ಬ ಹತ್ತಬೇಕು. ಅಂಚೆಯಣ್ಣ ಮಳೆಗಾಲದಲ್ಲೂ ನಮ್ಮ ಮನೆಯವರೆಗೆ ಬರುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಇಬ್ಬರು ಮಕ್ಕಳ ತಾಯಿ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ.